ಎರಡು ಚಂದ್ರರ ಕೆಳಗೆ ಕುರಿಹಿಂಡು

ದೀಪ ಆರಿದ್ದೇ ತಡ, ಕಾಳಕ್ಕ ನಾದಿನಿ ಏಕನಾಥಮ್ಮನ ಮೊಣಕೈ ಹಿಡಿದುಕೊಂಡಳು. ಕತ್ತಲಿಗೆ ಹೆದರುವ ಹೆಂಗಸಲ್ಲ ಅವಳು. ತೋಳ ಬಂದಾಗ ಕೊಳ್ಳಿ ಹಿಡಿದು ಹಟ್ಟಿ ಸುತ್ತಿದವಳು. ಆದರೆ ದುರ್ಗದ ಈ ಟಾಕೀಸಿನ ಕತ್ತಲು ಬೇರೆ. ಎದುರಿನ ಆ ಬಿಳಿ ಪರದೆಯ ಮೇಲೆ, ಯಾವುದೋ ಒಂದು ಗಳಿಗೆಯಲ್ಲಿ, ಸತ್ತು ವರ್ಷ ದಾಟಿದ ಗಂಡ ನಡೆದು ಬರುವವನಿದ್ದ.

ಬಾಗೂರಿಗೆ ಸುದ್ದಿ ತಂದವನು ಸಣ್ಣಪ್ಪ. ಉಣ್ಣೆ ಮಾರಲು ದುರ್ಗಕ್ಕೆ ಹೋದವನು ಮ್ಯಾಟಿನಿಗೆ ನುಗ್ಗಿ, ವಾಪಸು ಬಂದವನೇ, "ಕಾಳಕ್ಕ, ಓಬಣ್ಣ ಸಿನಿಮಾದಾಗೆ ಅವ್ನೆ ಕಣವ್ವ. ನನ್ನ ಕಣ್ಣಾಣೆಗೂ ನೋಡ್ದೆ" ಅಂದಿದ್ದ. ಸಣ್ಣಪ್ಪನ ಬಾಯಿಗೆ ಬೀಗವಿಲ್ಲ ಅಂತ ಊರಿಗೇ ಗೊತ್ತು, ಯಾರೂ ನಂಬಲಿಲ್ಲ. ಕಾಳಕ್ಕ ನಂಬಿದಳು. ಗಂಡ ಸಾಯುವ ಮುಂಚಿನ ಬೇಸಿಗೆಯಲ್ಲಿ ಚಂದ್ರವಳ್ಳಿಯ ಕಡೆ ಹಿಂಡು ಬಿಟ್ಟಿದ್ದಾಗ ಸಿನಿಮಾದವರು ಬಂದು ಓಬಣ್ಣನನ್ನು ಕುರಿ ಸಮೇತ ಬಂಡೆಗಳ ನಡುವೆ ನಡೆಸಿದ್ದು ನಿಜವೇ. ಮಗಳ ಬಾಣಂತನಕ್ಕೆ ಶ್ರೀರಾಂಪುರಕ್ಕೆ ಹೋಗಿದ್ದ ಇವಳಿಗೆ ಅದನ್ನು ನೋಡುವ ಪುಣ್ಯ ಇರಲಿಲ್ಲ. ಆಮೇಲೆ ಅವನೇ ಹೇಳಿದ್ದ: "ಬಂಡೆಗೆಲ್ಲ ಬಣ್ಣ ಬಳ್ದವ್ರೆ ಕಣೆ. ಇದು ಭೂಮಿ ಅಲ್ವಂತೆ, ಬ್ಯಾರೆ ಲೋಕ ಅಂತೆ. ಕುರಿ ಮಾತ್ರ ನಮ್ಮವೇ ಆಗ್ಬೇಕಂತೆ." ಹೇಳಿ ನಕ್ಕಿದ್ದ. ಆ ನಗು ಅವಳಿಗೆ ನೆನಪಿದೆ. ನಕ್ಕ ಮುಖ ನೆನಪಿಲ್ಲ.

ಅವಳ ಸಂಕಟವೆಲ್ಲ ಅದೇ. ಓಬಣ್ಣ ಜೀವಮಾನದಲ್ಲಿ ಒಂದು ಫೋಟೊ ತೆಗೆಸಿದವನಲ್ಲ. ಅವನು ಹೋದ ಹೊಸತರಲ್ಲಿ ಕಣ್ಣು ಮುಚ್ಚಿದರೆ ಸಾಕು, ಎದುರಿಗೇ ಬಂದು ಕೂರುತ್ತಿದ್ದ. ಬರಬರುತ್ತ ಹುಬ್ಬು ಮಸುಕಾಯಿತು, ಆಮೇಲೆ ಮೂಗು. ಈಗೀಗ ಅವನ ಮುಖ ಅಂತ ನೆನೆಸಿಕೊಂಡರೆ ಮೈದುನನ ಮುಖ ಬರುತ್ತದೆ, ಇಲ್ಲವೆ ಗುಡಿಯ ಪೂಜಾರಿಯದು. ಇದನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಅಷ್ಟು ವರ್ಷ ಬಾಳಿದವನ ಮುಖ ಮರೆತ ಹೆಂಡತಿ ಲೋಕದಲ್ಲಿ ಇರುತ್ತಾಳೆಯೇ ಅನ್ನುತ್ತಾರೆ. ಇರುತ್ತಾಳೆ, ಏನು ಮಾಡುವುದು. ನಾದಿನಿಯ ಹತ್ತಿರ ಮಾತ್ರ ಹೇಳಿ ಅತ್ತಿದ್ದಳು. ಏಕನಾಥಮ್ಮ ಬಾಯಿ ಜೋರಾದರೂ ಕರುಳು ಮೆತ್ತಗಿನವಳು; ಮಾರನೆಯ ದಿನವೇ ಅತ್ತಿಗೆಯನ್ನು ಬಸ್ಸು ಹತ್ತಿಸಿದ್ದಳು.

ಏನೇ ಹೇಳಿ, ಸಿನಿಮಾ ಕಣ್ಣು ಕಟ್ಟುವಂಥದ್ದೇ. ಆಕಾಶ ಒಡೆದ ದಾಳಿಂಬೆಯ ಹಾಗೆ ಕೆಂಪಗಿತ್ತು. ಅದರಲ್ಲಿ ಎರಡು ಚಂದ್ರರು, ದೊಡ್ಡದರ ಹಿಂದೆ ಚಿಕ್ಕದು, ತಾಯಿಯ ಬೆನ್ನು ಬಿಡದ ಮರಿಯಂತೆ. ಒಂದು ಕೆರೆಯ ನೀರು ಕೆಳಗಿನಿಂದ ಮೇಲಕ್ಕೆ ಬೀಳುತ್ತಿತ್ತು, ಸದ್ದಿಲ್ಲದೆ, ನಿಧಾನವಾಗಿ, ಮೇಲೆ ಹೋಗಿ ಮೋಡವಾಗುತ್ತಿತ್ತು. ಬೆಳ್ಳಿಯ ಹಡಗೊಂದು ತೇಲಿ ಬಂದು ನೀಲಿ ಬಂಡೆಗಳ ನಡುವೆ ಇಳಿಯಿತು. ಕಾಳಕ್ಕನಿಗೆ ಆ ಬಂಡೆಗಳು ಗೊತ್ತು. ಯಾವ ಬಣ್ಣ ಬಳಿದರೇನು, ಆ ಸಂದಿಯಲ್ಲೇ ಅಲ್ಲವೇ ತಾವಿಬ್ಬರೂ ಬುತ್ತಿ ಬಿಚ್ಚುತ್ತಿದ್ದುದು. ಈಗ ಅಲ್ಲಿ ಬೆಳ್ಳಿಯ ಅಂಗಿ ತೊಟ್ಟ ರಾಜಕುಮಾರನೊಬ್ಬ ನಿಂತು ಲೋಕ ಉಳಿಸುವ ಮಾತಾಡುತ್ತಿದ್ದ. ಅವನ ಮಾತು ಅವಳ ಕಿವಿಗೆ ಬೀಳಲಿಲ್ಲ. ಅವಳು ನಿದ್ದೆಯಲ್ಲಿ ನಡೆಯುವವಳಂತೆ ಆ ಕೆಂಪು ಬೆಳಕಿನೊಳಗೆ ತನ್ನ ಪಾಡಿಗೆ ತಾನು ಅಲೆಯುತ್ತಿದ್ದಳು.

ಇಂಟರ್ವಲ್ ಆಯಿತು, ಓಬಣ್ಣ ಬರಲಿಲ್ಲ. ಪಕ್ಕದ ಕುರ್ಚಿಯಲ್ಲಿ ಜವಳಿ ಅಂಗಡಿಯ ಮುರುಗೇಶಪ್ಪ ಕೂತಿದ್ದ. ಏಕನಾಥಮ್ಮ ಹಬ್ಬಕ್ಕೆ ಸೀರೆ ತರುವುದು ಅವನಲ್ಲೇ, ಹಾಗಾಗಿ ಗುರುತು. ಸಿನಿಮಾದ ಹುಚ್ಚಿನವನು, ಕೇಳುವವರು ಸಿಕ್ಕರೆ ಬಿಡುವವನಲ್ಲ.

"ಕಣ್ಣಿಗೇನೂ ಮೋಸ ಇಲ್ಲ ಬಿಡ್ರಿ," ಅಂದ. "ಆ ನೀರು ಮ್ಯಾಲಕ್ಕೆ ಬೀಳೋದು ನೋಡಾಕೇ ನಾನು ಮತ್ತೆ ಬಂದಿರೋದು. ಅಷ್ಟು ಚೆಂದ ಐತೆ. ಆದ್ರೆ ಏನವ್ವ, ಈ ಸಿನಿಮಾದಾಗೆ ಯಾರಿಗೆ ಯಾರೂ ಏನೂ ಆಗ್ಬೇಕಿಲ್ಲ. ರಾಜಕುಮಾರ ಸತ್ರೆ ಅಳೋರಿಲ್ಲ, ಬದುಕಿದ್ರೆ ನಗೋರಿಲ್ಲ. ನಮ್ಮಂಗಡಿ ಬೊಂಬೆಗೆ ರೇಷ್ಮೆ ಸೀರೆ ಉಡಿಸಿ ನಿಲ್ಲಿಸ್ತೀವಲ್ಲ, ಹಂಗೆ."

ಏಕನಾಥಮ್ಮ ತಲೆಯಾಡಿಸಿದಳು. ಅವನಿಗೆ ಅಷ್ಟೇ ಸಾಕಾಯಿತು.

"ಮುಂದೆ ಕರೀ ಕಂಬಳಿ ಕೊಪ್ಪೆ ಹೊದ್ಕಂಡ ಒಂದು ಭೂತ ಬರ್ತತೆ, ಕುರಿ ಹೊಡ್ಕಂಡು. ಎದಕ್ಕೆ ಬರ್ತತೆ, ಎಲ್ಲಿಗೆ ಹೋಗ್ತತೆ, ದೇವ್ರಿಗೇ ಗೊತ್ತು. ಕಥೆಗೂ ಅದಕ್ಕೂ ಸಂಬಂಧ ಇಲ್ಲ. ಆ ಆಪರೇಟರ್ ಆಟ ಬೇಗ ಮುಗೀಲಿ ಅಂತ ಅಲ್ಲಲ್ಲಿ ರೀಲು ಕತ್ತರಿಸ್ತಾನೆ. ಅದನ್ನೂ ಕತ್ತರಿಸಪ್ಪ ಅಂತ ನಾನೇ ಮೊನ್ನೆ ಹೇಳಿ ಹೋಗಿದ್ದೆ. ಇವತ್ತು ಐತೋ ಇಲ್ವೋ."

ಏಕನಾಥಮ್ಮ ಏನೋ ಅನ್ನಲು ಹೊರಟಳು, ಕಾಳಕ್ಕ ಅವಳ ತೊಡೆ ಒತ್ತಿ ತಡೆದಳು. ಮೆಲ್ಲಗೆ ಕೇಳಿದಳು, "ಕತ್ತರಿಸಿದ ತುಂಡು ಏನು ಮಾಡ್ತಾರೆ ಸಾವ್ಕಾರ್ರೆ?"

"ಏನು ಮಾಡ್ತಾರೆ, ಕಸಕ್ಕೆ ಹಾಕ್ತಾರೆ," ಅಂದ ಮುರುಗೇಶಪ್ಪ, ಕಡಲೆಕಾಯಿ ಸುಲಿಯುತ್ತ.

ಮತ್ತೆ ಕತ್ತಲಾಯಿತು. ಹಡಗು ಹಾರಿತು, ಬೆಂಕಿಯ ಮಳೆ ಸುರಿಯಿತು, ಗಾಜಿನ ಊರೊಂದು ಹೊಳೆದು ಹೊಳೆದು ಕುಸಿಯಿತು. ಹುಡುಗರು ಶಿಳ್ಳೆ ಹೊಡೆದರು. ಪ್ರತಿ ಬಾರಿ ಚಿತ್ರ ಬದಲಾದಾಗಲೂ ಕಾಳಕ್ಕ ಕುರ್ಚಿಯ ತುದಿಗೆ ಜರುಗುತ್ತಿದ್ದಳು. ಈಗಾಗಲೇ ಕಸದ ಬುಟ್ಟಿಗೆ ಬಿದ್ದಿದ್ದಾನೇನೋ, ಇನ್ನು ಬರುವುದೇ ಇಲ್ಲವೇನೋ ಅಂತ ಜೀವ ಕೈಯಲ್ಲಿ ಹಿಡಿದು ಕೂತಿದ್ದಳು.

ಆಗ ಎಲ್ಲ ಸದ್ದೂ ನಿಂತುಹೋಯಿತು. ಎರಡು ಚಂದ್ರರ ಕೆಳಗೆ ನೀಲಿ ಬಂಡೆಗಳ ಸಂದಿನಿಂದ ಕುರಿಗಳು ಹೊರಟವು. ಅದೇನು ಮಾಯ ಮಾಡಿದ್ದರೋ, ಅವುಗಳ ಉಣ್ಣೆ ಬೆಳದಿಂಗಳ ಹಾಗೆ ಮಿನುಗುತ್ತಿತ್ತು. ಹಿಂಡಿನ ಮುಂದೆ, ದೂರದಲ್ಲಿ, ಕರೀ ಕಂಬಳಿಯ ಕೊಪ್ಪೆ ಹೊದ್ದ ಎತ್ತರದ ಆಳು. ಹೆಗಲಿಗೆ ಅಡ್ಡ ಕೋಲು, ಕೋಲಿನ ಮೇಲೆ ಇಳಿಬಿಟ್ಟ ಎರಡೂ ಕೈ. ಎಲ್ಲೋ ಒಂದು ಮಗು ಹೆದರಿ ಅತ್ತಿತು.

"ಅಣ್ಣಯ್ಯ," ಅಂದಳು ಏಕನಾಥಮ್ಮ, ಜೋರಾಗಿಯೇ.

ಕಾಳಕ್ಕ ಮುಂದಿನ ಕುರ್ಚಿಯ ಬೆನ್ನು ಹಿಡಿದು ಬಾಗಿದಳು. ಅವನು ಬೆನ್ನು ಹಾಕಿ ನಡೆಯುತ್ತಿದ್ದ. ತಿರುಗಿ ನೋಡಲಿ, ಒಂದೇ ಒಂದು ಸಲ ತಿರುಗಲಿ ಅಂತ ಕಾದಳು. ಅವನು ತಿರುಗಲಿಲ್ಲ. ಕೊಪ್ಪೆ ಗಾಳಿಗೆ ಒಂದಿಷ್ಟು ಅಲುಗಿತು, ಅಷ್ಟೇ. ಹಿಂಡಿನ ಕೊನೆಯಲ್ಲಿ ಮರಿಯೊಂದು ನಿಂತು ಬಣ್ಣದ ಬಂಡೆ ನೆಕ್ಕತೊಡಗಿತು. ಇನ್ನೊಂದು ಗಳಿಗೆ ತಡೆದರೆ ಹಿಂದೆ ಉಳಿದುಬಿಡುತ್ತದೆ. ಕಾಳಕ್ಕನ ನಾಲಿಗೆ ತನಗೆ ತಾನೇ ಹೊರಳಿತು: "ಟುರ್ರ್... ಹುಯ್, ಹುಯ್."

ಇಡೀ ಟಾಕೀಸು ಗೊಳ್ಳೆಂದು ನಕ್ಕಿತು. ಮರಿ ತಲೆಯೆತ್ತಿ ಓಡಿತು. ಅದು ಓಡುವುದಿತ್ತು, ಓಡಿತು. ಆದರೆ ಕಾಳಕ್ಕನಿಗೆ ತಾನು ಎಲ್ಲಿದ್ದೇನೆಂದು ಆಗ ತಿಳಿಯಿತು. ಕ್ಯಾಮೆರಾ ಇಟ್ಟಿದ್ದವರು ಅದನ್ನು ಹಿಂಡಿನ ಹಿಂದೆ ಇಟ್ಟಿದ್ದರು. ಅವಳು ಮದುವೆಯಾಗಿ ಬಂದ ದಿನದಿಂದ ನಡೆದದ್ದು ಅದೇ ಜಾಗದಲ್ಲಿ. ಮುಂದೆ ಅವನು, ನಡುವೆ ಕುರಿ, ಕೊನೆಗೆ ಮರಿಗಳನ್ನು ಅಟ್ಟಿಕೊಂಡು ಇವಳು. ಮುಖ ನೋಡಿದ್ದು ಉಣ್ಣುವಾಗ ಒಂದಿಷ್ಟು, ಮುಸ್ಸಂಜೆಯಲ್ಲಿ ಒಂದಿಷ್ಟು. ಬಾಳೆಲ್ಲ ನೋಡಿದ್ದು ಈ ಬೆನ್ನನ್ನು. ಇದರಲ್ಲಿ ಒಂದು ಎಳೆಯನ್ನೂ ಅವಳು ಮರೆತಿರಲಿಲ್ಲ. ಆ ಸಂತೋಷ ತಡೆಯಲಾರದೆ ಅವಳು ಅತ್ತಳು.

ಓಬಣ್ಣ ಬಂಡೆಯ ಮರೆಗೆ ಹೋದ. ಬೆಳ್ಳಿಯ ಹಡಗು ಮತ್ತೆ ಬಂತು.

"ಮುಖಾನೇ ತೋರಿಸ್ಲಿಲ್ಲವಲ್ಲ ಅತ್ತಿಗೆ, ಹಾಳಾದೋರು," ಏಕನಾಥಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

"ಇರ್ಲಿ ಬಿಡು," ಅಂದಳು ಕಾಳಕ್ಕ. "ನಡಿ, ಹೋಗಾಣ."

"ಇನ್ನೂ ಐತಲ್ಲ ಸಿನಿಮಾ."

ಕಾಳಕ್ಕ ಆಗಲೇ ಎದ್ದಿದ್ದಳು. ದಾರಿ ಬಿಡಲು ಎದ್ದುನಿಂತ ಮುರುಗೇಶಪ್ಪನ ಕೈಯಲ್ಲಿ ಕಡಲೆಕಾಯಿ ಹಾಗೇ ಇತ್ತು. "ನಂಗೆ ಗೊತ್ತಾಗ್ಲಿಲ್ಲ ತಾಯಿ," ಅಂದ. "ಕುಂತ್ಕಳ್ರಿ. ಬೇಕಾದ್ರೆ ಮುಂದಿನ ಆಟಕ್ಕೂ ಒಳಗೆ ಬಿಡು ಅಂತ ನಾನೇ ಹೇಳ್ತೀನಿ ಗೇಟಿನಾಗೆ."

"ಬ್ಯಾಡ ಸಾವ್ಕಾರ್ರೆ. ಆ ತುಂಡು ಮಾತ್ರ ಕತ್ತರಿಸಬ್ಯಾಡ ಅನ್ರಿ."

ಅವನು ಆಗಲಿ ಅಂತ ತಲೆಯಾಡಿಸಿದ. ಅವರು ಹೊರಗೆ ಹೋಗುವ ಮೊದಲೇ ಆಪರೇಟರನ ಕೋಣೆಯ ಮೆಟ್ಟಿಲು ಹತ್ತುತ್ತಿದ್ದ.

ಹೊರಗೆ ಇಳಿಬಿಸಿಲು ಕಣ್ಣು ಕುಕ್ಕಿತು. ಬಸ್ ಸ್ಟ್ಯಾಂಡಿನ ದಾರಿಯಲ್ಲಿ ಏಕನಾಥಮ್ಮ ಮುಂದೆ ಮುಂದೆ ಹೋದಳು, ಸೆರಗನ್ನು ತಲೆಯ ಮೇಲೆಳೆದುಕೊಂಡು. ಆ ಮನೆತನದವರು ಗಂಡಾಗಲಿ ಹೆಣ್ಣಾಗಲಿ ಒಂದು ಹೆಗಲು ಕೊಂಚ ವಾಲಿಸಿ, ನೆಲ ತಮ್ಮದೇ ಅನ್ನುವ ಹಾಗೆ ನಡೆಯುವವರು. ಸ್ವಲ್ಪ ದೂರ ಹೋಗಿ ನಿಂತು ಕೂಗಿದಳು: "ಯಾಕೆ ಅತ್ತಿಗೆ ಹಿಂದುಳಿದೆ? ಜೊತೇಲಿ ಬಾ."

"ನೀ ನಡಿ ಮುಂದೆ. ನಾ ಬರ್ತೀನಿ," ಅಂದಳು ಕಾಳಕ್ಕ. ನಾದಿನಿ ಹೊರಟ ಮೇಲೂ ಒಂದು ಗಳಿಗೆ ತಡೆದು, ಇಬ್ಬರ ನಡುವೆ ಒಂದು ಹಿಂಡು ಹಿಡಿಸುವಷ್ಟು ಜಾಗ ಬಿಟ್ಟುಕೊಂಡು, ಆಮೇಲೆ ನಡೆದಳು.