ಇಳಿಯುವ ಗೇರು

ದೊಡ್ಡಹನುಮಯ್ಯ ಟೈರುಗಳನ್ನು ಒಂದೊಂದಾಗಿ ಒದ್ದು ನೋಡಿದ. ಬಗ್ಗಿ ಜೀಪಿನ ಅಡಿಗೆ ಕಣ್ಣಾಡಿಸಿದ. ಆಮೇಲೆ ಹಿಂದಕ್ಕೆ ಹೋಗಿ ಟ್ರೈಲರಿನ ಕೊಂಡಿಯನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದ. ಮುನಿರಾಮಯ್ಯ ಬಾಗಿಲ ಮೆಟ್ಟಿಲ ಮೇಲೆ ಕೂತು, ಅದು ಬೇರೆ ಯಾರದೋ ಗಾಡಿ ಎನ್ನುವ ಹಾಗೆ ನೋಡುತ್ತಿದ್ದ.

"ಮಿಲಿಟ್ರಿ ಮಾಲು ಮಿಲಿಟ್ರಿ ಮಾಲೇ ಬುಡಿ," ಎಂದ ದೊಡ್ಡಹನುಮಯ್ಯ. ಕೆಂಗೇರಿ ಆಚೆ ಅವನದೊಂದು ಇಟ್ಟಿಗೆ ಗೂಡು ಇತ್ತು. ಹಳ್ಳದಿಂದ ಮಣ್ಣು ಹೊರಲು ಲಾರಿ ಇಳಿಯುತ್ತಿರಲಿಲ್ಲ; ಅದಕ್ಕೇ ಕೊಳ್ಳಲು ಇಂಥ ಗಾಡಿಯನ್ನು ಹುಡುಕುತ್ತಿದ್ದ. "ಆದ್ರೆ ಲೋಡ್ ಎಳ್ದು ತೋರಿಸ್ಬೇಕು. ಹತ್ತೋದೂ ನೋಡ್ಬೇಕು, ಇಳಿಯೋದೂ ನೋಡ್ಬೇಕು."

ಐದು ತಿಂಗಳಿಂದ ಜೀಪು ಕಾಮಾಕ್ಷಿಪಾಳ್ಯದ ಆ ಓಣಿಯಲ್ಲಿ ನಿಂತಲ್ಲೇ ನಿಂತಿತ್ತು. ಹದಿನೈದು ವರ್ಷ ಪಟಾಲಮ್ಮಿನಲ್ಲಿ ಡ್ರೈವರಾಗಿದ್ದ ಮುನಿರಾಮಯ್ಯ, ನಿವೃತ್ತನಾಗಿ ಬಂದ ವರ್ಷವೇ ಮಿಲಿಟರಿಯವರ ಹಳೇ ಗಾಡಿಗಳ ಡಿಸ್ಪೋಸಲ್ ಹರಾಜಿನಲ್ಲಿ ಜೀಪನ್ನೂ ಟ್ರೈಲರನ್ನೂ ಹಿಡಿದಿದ್ದ. ಸುಂಕದಕಟ್ಟೆ ಆಚೆಯ ಕಲ್ಲು ಒಡೆಯುವ ಬಂಡೆಯಿಂದ ಕಟ್ಟಡದ ಸೈಜುಗಲ್ಲು ತುಂಬಿಕೊಂಡು ವಿಜಯನಗರ, ಬಸವೇಶ್ವರನಗರದಲ್ಲಿ ಏಳುತ್ತಿದ್ದ ಮನೆಗಳಿಗೆ ಇಳಿಸುವುದು ಕೆಲಸ. ಹೆಂಡತಿ ಗಂಗಲಕ್ಷ್ಮಮ್ಮನ ತಮ್ಮ ಚಿಕ್ಕಣ್ಣ ಜೊತೆಗಿರುತ್ತಿದ್ದ. ಬಂಡೆಯ ಇಳಿಜಾರಿನಲ್ಲಿ ಟ್ರೈಲರು ಮಗುಚಿದ ದಿನ ಚಿಕ್ಕಣ್ಣ ಅದರಲ್ಲಿ ತುಂಬಿದ್ದ ಕಲ್ಲಿನ ಮೇಲೆ ಕೂತಿದ್ದ.

ಬ್ರೇಕು ಹಿಡಿಯಲಿಲ್ಲ ಎಂದು ಮುನಿರಾಮಯ್ಯ ಅವತ್ತು ಹೇಳಿದ್ದ. ಸ್ಟೇಷನ್ನಿನಲ್ಲಿ ಹಾಗೆಯೇ ಬರೆದುಕೊಂಡರು. ಮಣ್ಣು ಮಾಡಲು ಬಂದವರೆಲ್ಲ ಹಾಗೆಯೇ ನಂಬಿದರು. ಅವನಿಗೆ ಅಳು ಬರಲಿಲ್ಲ. ಆಮೇಲೂ ಬರಲಿಲ್ಲ. ಹಾಕಿದ್ದನ್ನು ಉಣ್ಣುತ್ತಿದ್ದ, ಹಾಸಿದಲ್ಲಿ ಮಲಗುತ್ತಿದ್ದ. ಯಾರಾದರೂ ಕರೆದರೆ ಆ ಹೆಸರು ತನ್ನದು ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಗುತ್ತಿತ್ತು. ನನ್ನ ಮಗನನ್ನು ತಿಂದ ಗಾಡಿ ಮನೆ ಮುಂದೆ ಇರಬಾರದು ಎಂದು ಅತ್ತೆ ಹಟ ಹಿಡಿದಾಗ, ಆಗಲಿ ಎಂದ.

ಈಗ ಎದ್ದು ಕೀಲಿ ತರಲು ಒಳಗೆ ಹೋದರೆ, ಗಂಗಲಕ್ಷ್ಮಮ್ಮ ಸೆರಗು ಸಿಕ್ಕಿಸಿಕೊಂಡು ಚಪ್ಪಲಿ ಹಾಕುತ್ತಿದ್ದಳು.

"ನಾನೂ ಬತ್ತೀನಿ."

"ಅಲ್ಲಿ ಏನೈತೆ?"

"ಅವನು ಬಿದ್ದಿದ್ದು ಎಲ್ಲಿ ಅಂತ ನಾನು ನೋಡೇ ಇಲ್ಲ. ಗಾಡಿ ಹೋದ್ಮೇಲೆ ನನ್ನ ಯಾರು ಕರ್ಕೊಂಡು ಹೋಗ್ತಾರೆ?"

ಅವನು ಬೇಡವೆನ್ನಲಿಲ್ಲ. ದೊಡ್ಡಹನುಮಯ್ಯ ಮುಂದೆ ಕೂತ. ಅವಳು ಹಿಂದಿನ ಅಡ್ಡ ಸೀಟಿನಲ್ಲಿ ಕಂಬಿ ಹಿಡಿದು ಕೂತಳು. ಮಾಗಡಿ ರಸ್ತೆಯಲ್ಲಿ ಭಾನುವಾರದ ಬೆಳಗಿನ ಬಿಸಿಲು. ಖಾಲಿ ಟ್ರೈಲರು ಹಿಂದೆ ಗಡಗಡ ಸದ್ದು ಮಾಡುತ್ತ ಬಂತು. ಸ್ಟೀರಿಂಗು ಮುಟ್ಟಿದರೆ ಒಳಗೆ ಏನಾದರೂ ಆಗಬಹುದು ಎಂದುಕೊಂಡಿದ್ದ. ಸುಂಕದಕಟ್ಟೆ ದಾಟಿ ಟಾರು ಬಿಟ್ಟು, ಲಂಟಾನ ಬೆಳೆದ ಕೊರಕಲು ಜಾಡಿಗೆ ಗಾಡಿ ತಿರುಗಿಸಿದಾಗಲೂ ಏನೂ ಆಗಲಿಲ್ಲ.

ಏರು ಶುರುವಾಗುವ ಮುಂಚೆ ನಾಲ್ಕೂ ಚಕ್ರಕ್ಕೆ ಗೇರು ಕೊಟ್ಟ. ಜೀಪು ಮೂಗು ಎತ್ತಿ, ಗುಂಡಿಗೆ ಇಳಿದು, ಕಲ್ಲಿನ ಮೇಲೆ ಒಂದೊಂದೇ ಚಕ್ರ ಇಟ್ಟು ಹತ್ತಿತು. "ಅಬ್ಬಬ್ಬಾ!" ಎಂದು ದೊಡ್ಡಹನುಮಯ್ಯ ನಕ್ಕ. ಮೇಲೆ ಬಂಡೆಯಲ್ಲಿ ಇಬ್ಬರು ಕಲ್ಲುಕುಟಿಗರು ಇದ್ದರು. ಮುನಿರಾಮಯ್ಯನನ್ನು ಕಂಡು ಸುತ್ತಿಗೆ ಕೆಳಗಿಟ್ಟು ಎದ್ದು ನಿಂತರು. ಹೆಂಗಸನ್ನು ಒಮ್ಮೆ ನೋಡಿ ಟ್ರೈಲರಿಗೆ ಕಲ್ಲು ತುಂಬಿದರು.

ಇಳಿಜಾರಿನ ತಲೆಯಲ್ಲಿ ಮುನಿರಾಮಯ್ಯ ಗಾಡಿ ನಿಲ್ಲಿಸಿದ. ಕೆಳಗೆ ಜಾಡು ಎಡಕ್ಕೆ ಬಾಗುವಲ್ಲಿ, ಅವತ್ತು ಚೆಲ್ಲಿದ್ದ ಕಲ್ಲುಗಳು ಹಾಗೇ ಬಿದ್ದಿದ್ದವು. ಯಾರೂ ಎತ್ತಿಕೊಂಡು ಹೋಗಿರಲಿಲ್ಲ.

"ನಂಗೆ ಒಂಚೂರು ಹೇಳ್ಕೊಡಿ," ಎಂದ ದೊಡ್ಡಹನುಮಯ್ಯ. "ನಮ್ಮ ಹಳ್ಳದ ದಾರೀನೂ ಹಿಂಗೇ ಐತೆ. ನಾನು ರಸ್ತೆ ಮೇಲೆ ಓಡಿಸ್ತೀನಿ, ಹಳ್ಳಕ್ಕೆ ಇಳಿಸೋದು ನನ್ನ ಮಗ. ಅವನಿಗೆ ನಾನು ಹೇಳ್ಬೇಕಲ್ಲ."

ಮುನಿರಾಮಯ್ಯ ಸಣ್ಣ ಗೇರಿನ ಕಡ್ಡಿ ಹಿಡಿದ. ಪಟಾಲಮ್ಮಿನಲ್ಲಿ ಹೊಸಬರಿಗೆ ಕಲಿಸುತ್ತಿದ್ದ ಅದೇ ಗಂಟಲಿನಲ್ಲಿ ಹೇಳತೊಡಗಿದ. "ಇಳಿಯೋಕೆ ಮುಂಚೆ ನಿಲ್ಲಿಸ್ಬೇಕು. ನಾಲ್ಕು ಚಕ್ರ, ಲೋ ಗೇರು, ಆಮೇಲೆ ಫಸ್ಟು. ಇಂಜಿನ್ನೇ ಗಾಡೀನ ಹಿಡ್ಕೊಳ್ತದೆ. ಈ ಟ್ರೈಲರಿಗೆ ಬ್ರೇಕಿಲ್ಲ. ನಾವು ಜೋರಾಗಿ ಬ್ರೇಕ್ ಒತ್ತಿದ್ರೆ ಮುಂದಿಂದು ನಿಲ್ತದೆ, ಹಿಂದಿಂದು ನಿಲ್ಲಲ್ಲ, ಅಡ್ಡ ತಿರುಗ್ತದೆ. ನಡುವೆ ಕ್ಲಚ್ಚು ಮುಟ್ಟಲೇಬಾರ್ದು."

"ಮುಟ್ಟಿದ್ರೆ?"

"ಇಂಜಿನ್ನು ಕೈಬಿಡ್ತದೆ. ಭಾರ ಎಲ್ಲ ಬೆನ್ನ ಮೇಲೆ ಬತ್ತದೆ. ಮತ್ತೆ ಗೇರು ಬೀಳಲ್ಲ."

"ಅವತ್ತು ಬ್ರೇಕು ಹೋಗಿತ್ತಂತಲ್ಲ. ರಿಪೇರಿ ಮಾಡಿಸಿದೀರಾ?"

ಮಾಡಿಸಿದೀನಿ ಎಂದರೆ ಮುಗಿಯುತ್ತಿತ್ತು. ಬಾಯಿಗೆ ಬಂದಿದ್ದೂ ಅದೇ. ಆದರೆ ಆ ಮಗ ಯಾರೋ, ನೋಡದ ಹುಡುಗ, ಬ್ರೇಕನ್ನೇ ನಂಬಿಕೊಂಡು ಹಳ್ಳಕ್ಕೆ ಇಳಿಯುವುದು ಕಣ್ಣಿಗೆ ಬಂತು.

"ಬ್ರೇಕು ಹೋಗಿರ್ಲಿಲ್ಲ," ಎಂದ. "ಅವತ್ತೂ ಚೆನ್ನಾಗೇ ಇತ್ತು. ನಾನು ನಿಲ್ಲಿಸ್ದೆ ಸೆಕೆಂಡಲ್ಲೇ ಇಳಿಸ್ದೆ. ಓಟ ಜಾಸ್ತಿಯಾಯ್ತು. ಫಸ್ಟಿಗೆ ಹಾಕೋಣ ಅಂತ ಕ್ಲಚ್ಚು ಒತ್ದೆ. ಬೀಳ್ಲಿಲ್ಲ. ಬ್ರೇಕ್ ತುಳಿದೆ."

ದೊಡ್ಡಹನುಮಯ್ಯ ತಿರುಗಿ ಹಿಂದೆ ನೋಡಿದ; ತಕ್ಷಣ ಮುಖ ಮುಂದಕ್ಕೆ ತಿರುಗಿಸಿಕೊಂಡ. ಮುನಿರಾಮಯ್ಯ ಗೇರು ಹಾಕಿ, ಕ್ಲಚ್ಚಿನಿಂದ ಕಾಲು ತೆಗೆದು, ಎರಡೂ ಪಾದಗಳನ್ನು ಪೆಡಲುಗಳಿಂದ ದೂರ ಇಟ್ಟ. ಜೀಪು ನರಳುತ್ತ, ಮನುಷ್ಯ ನಡೆಯುವಷ್ಟು ನಿಧಾನವಾಗಿ ಇಳಿಯಿತು. ಕಲ್ಲಿನ ಭಾರ ಹಿಂದಿನಿಂದ ಒಮ್ಮೆ ತಳ್ಳಿತು, ಮತ್ತೊಮ್ಮೆ ತಳ್ಳಿತು, ಇಂಜಿನ್ನು ಬಿಡಲಿಲ್ಲ. ತಿರುವು ಬಂತು, ಚೆಲ್ಲಿದ ಕಲ್ಲುಗಳು ಪಕ್ಕಕ್ಕೆ ಬಂದವು, ಹಿಂದೆ ಸರಿದವು. ಅವತ್ತೂ ಇಷ್ಟೇ ಆಗಿತ್ತು ಕೆಲಸ.

ಕೆಳಗೆ ಗಾಡಿ ನಿಂತಾಗ ಗಂಗಲಕ್ಷ್ಮಮ್ಮ ಕೇಳಿದಳು: "ಚಿಕ್ಕಣ್ಣ ಅವತ್ತು ಏನಾದ್ರೂ ಅಂದ್ನಾ?"

ಮುನಿರಾಮಯ್ಯ ತಿರುಗಲಿಲ್ಲ. "ಮೇಲೇ ಅಂದಿದ್ದ. ನಿಲ್ಲಿಸಿ ಭಾವ, ಲೋ ಹಾಕಿ ಅಂತ. ಕತ್ತಲಾಗೋದ್ರೊಳಗೆ ಇನ್ನೊಂದು ಟ್ರಿಪ್ಪು ಹೊಡೀಬೇಕು ಸುಮ್ನಿರೋ ಅಂದೆ."

ಅವಳು ಇಳಿದು ತಿರುವಿನವರೆಗೆ ನಡೆದು ಹೋದಳು. ಕಲ್ಲುಗಳ ನಡುವೆ ನಿಂತಳು. ಇಷ್ಟು ದೂರದಿಂದ ಅವಳ ಮುಖ ಕಾಣಿಸುತ್ತಿರಲಿಲ್ಲ. ಅಳುತ್ತಿದ್ದಳೋ ಏನೋ. ಒಂದು ಕಲ್ಲಿನ ಮೇಲೆ ಕೂತು, ಬಹಳ ಹೊತ್ತು ಅಲ್ಲೇ ಇದ್ದಳು. ಅವಳು ಬಂದು ಬಯ್ಯಲಿ, ಹೊಡೆಯಲಿ ಎಂದು ಮುನಿರಾಮಯ್ಯ ಕಾದ. ಹಾಗೆ ಕಾಯುವುದು ಬಿಟ್ಟರೆ ಒಳಗೆ ಬೇರೇನೂ ಇರಲಿಲ್ಲ.

ದೊಡ್ಡಹನುಮಯ್ಯ ಬೀಡಿ ಹಚ್ಚಿ, ಎರಡು ದಮ್ಮು ಎಳೆದು ಆರಿಸಿದ. "ಗಾಡೀದೇನೂ ತಪ್ಪಿಲ್ಲ ಅಂದಂಗಾಯ್ತು," ಎಂದ ಕೊನೆಗೆ, ತನ್ನಷ್ಟಕ್ಕೆ. ಆಮೇಲೆ, "ಇವತ್ತೇ ತಗೊಂಡು ಹೋಗ್ಲಾ? ದುಡ್ಡಿನ ಮಾತು ನಾಳೆ ಮನೆ ಹತ್ರ ಬಂದು ಆಡ್ತೀನಿ."

"ತಗೊಂಡು ಹೋಗಿ."

ಕಲ್ಲುಗಳನ್ನು ಅಲ್ಲೇ ಇಳಿಸಿ, ದೊಡ್ಡಹನುಮಯ್ಯ ತಾನೇ ಸ್ಟೀರಿಂಗಿಗೆ ಕೂತ. ಅವರಿಬ್ಬರನ್ನೂ ಸುಂಕದಕಟ್ಟೆ ಬಸ್ ಸ್ಟಾಪಿನಲ್ಲಿ ಇಳಿಸಿ, ಒಂದು ಕೈ ಎತ್ತಿ ಹೊರಟುಹೋದ. ಟ್ರೈಲರು ತಿರುವಿನಲ್ಲಿ ಮರೆಯಾಗುವವರೆಗೂ ಗಂಗಲಕ್ಷ್ಮಮ್ಮ ಅದನ್ನೇ ನೋಡಿದಳು. ಮುನಿರಾಮಯ್ಯ ರಸ್ತೆಯಾಚೆಯ ಸೋಡಾ ಅಂಗಡಿಯನ್ನು ನೋಡುತ್ತಿದ್ದ.

"ನಮ್ಮವ್ವಂಗೆ ನೀವೇ ಹೇಳ್ಬೇಕು," ಎಂದಳು ಅವಳು.

"ಹ್ಞೂಂ."

ಬಸ್ಸು ತುಂಬಿ ಬಂತು. ಅವಳು ಮುಂದೆ ಹತ್ತಿದಳು, ಅವನು ಹಿಂದೆ. ಜನರ ತಲೆಗಳ ನಡುವೆ, ಕಂಬಿ ಹಿಡಿದ ಅವಳ ಕೈ ಮಾತ್ರ ಕಾಣಿಸುತ್ತಿತ್ತು. ಕಾಮಾಕ್ಷಿಪಾಳ್ಯದಲ್ಲಿ ಇಳಿದು ಅವಳು ತಿರುಗಿ ನೋಡದೆ ಓಣಿಯ ಕಡೆ ನಡೆದಳು. ಬೇಗ ನಡೆಯಲಿಲ್ಲ, ನಿಲ್ಲಲೂ ಇಲ್ಲ. ಅವಳ ಸೀರೆಯ ಹಿಂಭಾಗಕ್ಕೆ ಬಂಡೆಯ ಬಿಳಿ ಪುಡಿ ಮೆತ್ತಿಕೊಂಡಿತ್ತು. ಮುನಿರಾಮಯ್ಯ ನಾಲ್ಕು ಹೆಜ್ಜೆ ಹಿಂದೆ, ಅದನ್ನೇ ನೋಡುತ್ತ ನಡೆದ.