ಹತ್ತು ನಿಮಿಷದ ಸ್ಕ್ಯಾನ್

ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಅಕ್ಕ ಚಹಾ ತೆಗೆದುಕೊಂಡು ಕೂತಿದ್ದಳಷ್ಟೆ. ಅದನ್ನು ಕುಡಿದು ಮುಗಿಸುವುದರೊಳಗೆ ತಂಗಿ ಎದುರಿಗೆ ಬಂದು ನಿಂತಳು.

"ಆಯ್ತು, ನಡಿ."

"ಏನಾಯ್ತು?"

"ಸ್ಕ್ಯಾನ್."

ಅಕ್ಕನದು ಡ್ರೈಕ್ಲೀನಿಂಗ್ ಅಂಗಡಿ. ಗಿರಾಕಿಗಳ ಕೋಟಿನ ಜೇಬು ತಡಕಿ ತಡಕಿ, ಬಾಯಿ ಹೇಳುವುದೊಂದು, ಜೇಬು ಹೇಳುವುದೊಂದು ಎಂದು ಅರಿತವಳು. ಆದರೆ ತಂಗಿಯ ಮೇಲಿನ ಗುಮಾನಿ ಬರೀ ಕಸುಬಿನಿಂದ ಬಂದದ್ದಲ್ಲ. ಅಮ್ಮ ಸ್ತನ ಕ್ಯಾನ್ಸರಿನಿಂದ ಹೋದಳು. ಅಕ್ಕನಿಗೂ ಅದೇ ಬಂತು. ಒಂದು ಸ್ತನ ತೆಗೆಸಿಕೊಂಡು ಬದುಕಿದಳು. ವಂಶದಲ್ಲೇ ಇರುವುದರಿಂದ ತಂಗಿ ವರ್ಷಕ್ಕೊಮ್ಮೆ ಎಂಆರ್‌ಐ ಮಾಡಿಸಬೇಕೆಂದು ಡಾಕ್ಟರು ಹೇಳಿದ್ದರು. ಹೋದ ವರ್ಷ ಅವಳು ಆ ಯಂತ್ರದೊಳಗೆ ಬೋರಲು ಮಲಗಿ, ಗಡಗಡ ಸದ್ದಿಗೆ ಉಸಿರುಗಟ್ಟಿ, ಅರ್ಧಕ್ಕೇ ಎದ್ದು ಓಡಿಬಂದಿದ್ದಳು. ಮನೆಗೆ ಬಂದು "ಎಲ್ಲ ಸರಿ ಇದೆಯಂತೆ" ಎಂದು ಕಣ್ಣು ಮಿಟುಕಿಸದೆ ಹೇಳಿದ್ದಳು. ನಿಜ ಹೊರಬೀಳಲು ತಿಂಗಳುಗಳೇ ಹಿಡಿದವು.

"ಅಷ್ಟುದ್ದದ ಬಸ್ಸನ್ನ ಗಲ್ಲಿಯಲ್ಲಿ ತಿರುಗಿಸ್ತೀಯ, ಒಂದು ಕೊಳವೆಗೆ ಹೆದರ್ತೀಯಾ?" ಎಂದು ಅಕ್ಕ ಆಗ ಬೈದಿದ್ದಳು. ತಂಗಿ ಸಿಟಿ ಬಸ್ಸಿನ ಡ್ರೈವರ್.

"ಬಸ್ಸಿಗೆ ಕಿಟಕಿ ಇರುತ್ತಲ್ಲ," ಎಂದಿದ್ದಳು ಅವಳು.

ಈಗ ಹೊರಗೆ ಬರುತ್ತಲೇ ಅಕ್ಕ ತಡೆದಳು. "ನಿಜ ಹೇಳು. ಒಳಗೆ ಹೋದ್ಯೋ, ಬಾಗಿಲು ಮುಟ್ಟಿ ವಾಪಸ್ ಬಂದ್ಯೋ?"

"ಈಗ ಚಿಕ್ಕ ಸ್ಕ್ಯಾನ್ ಬಂದಿದೆಯಂತೆ ಕಣೇ. ಹತ್ತೇ ನಿಮಿಷ."

"ನನ್ನ ಕಿವಿಗೆ ಹೂವಿಡಬೇಡ."

ತಂಗಿ ಅಂಗಿಯ ತೋಳು ಮಡಚಿ, ಸೂಜಿ ಚುಚ್ಚಿದ ಕಡೆ ಅಂಟಿಸಿದ್ದ ಪ್ಲಾಸ್ಟರ್ ತೋರಿಸಿದಳು. "ರಕ್ತ ತೆಗೆದ್ರೂ ಅದನ್ನೇ ಅಂಟಿಸ್ತಾರೆ," ಎಂದಳು ಅಕ್ಕ.

ಮರುದಿನ ಅಕ್ಕ ಅಂಗಡಿಗೆ ಬೀಗ ಹಾಕಿ ನೇರ ಸ್ಕ್ಯಾನಿಂಗ್ ವಿಭಾಗಕ್ಕೆ ಹೋಗಿ, ತಂಗಿಯ ಸ್ಕ್ಯಾನ್ ನಿಜಕ್ಕೂ ಆಯಿತೇ ಎಂದು ಕೇಳಿದಳು. ಯಂತ್ರ ನಡೆಸುವ ಟೆಕ್ನಿಷಿಯನ್ ಇಲ್ಲವೆಂಬಂತೆ ತಲೆಯಾಡಿಸಿದ. "ಒಬ್ಬರ ವಿಷಯ ಇನ್ನೊಬ್ಬರಿಗೆ ಹೇಳೋ ಹಾಗಿಲ್ಲಮ್ಮ."

"ನಾನು ಅವಳ ಒಡಹುಟ್ಟಿದೋಳು!"

"ಆದ್ರೂ ಇಲ್ಲ."

ಏನೋ ಮುಚ್ಚಿಡುತ್ತಿದ್ದಾನೆ ಎಂದು ಅವಳಿಗೆ ಖಾತ್ರಿಯಾಯಿತು. "ಹೋಗಲಿ, ಹತ್ತು ನಿಮಿಷದ ಸ್ಕ್ಯಾನ್ ಅಂತ ಒಂದು ಇದೆಯೋ ಇಲ್ವೋ, ಅದನ್ನಾದ್ರೂ ಹೇಳಿ."

"ಇದೆ. ಚಿತ್ರ ಸ್ಪಷ್ಟವಾಗಿ ಕಾಣೋಕೆ ಮದ್ದು ಚುಚ್ಚಿದ ಮೇಲೆ ಮೊದಲ ಕೆಲವು ಚಿತ್ರ ಮಾತ್ರ ತೆಗೀತೀವಿ. ಅನುಮಾನ ಬರೋ ಗಂಟು ಸಾಮಾನ್ಯವಾಗಿ ಅಷ್ಟರಲ್ಲೇ ಹೊಳೆಯುತ್ತೆ. ಏನಾದ್ರೂ ಕಂಡ್ರೆ ಮತ್ತೆ ಕರೆಸಿ ಮುಂದಿನ ಪರೀಕ್ಷೆ ಮಾಡ್ತಾರೆ."

"ಕಾಣದೇ ತಪ್ಪಿಸಿಕೊಂಡ್ರೆ?"

"ಯಾವ ಸ್ಕ್ಯಾನೂ ನೂರಕ್ಕೆ ನೂರು ಹಿಡಿಯಲ್ಲ ಅಮ್ಮ. ಉದ್ದದ್ದೂ ಅಷ್ಟೆ."

ಅಕ್ಕನಿಗೆ ಸಮಾಧಾನವಾಗಲಿಲ್ಲ. ತಂಗಿ ಸುಳ್ಳು ಹೇಳದಿದ್ದರೆ ಆಸ್ಪತ್ರೆಯವರೇ ಅರೆಬರೆ ಕೆಲಸ ಮಾಡಿದ್ದಾರೆ. ಎರಡರಲ್ಲಿ ಒಂದು ಎಂದುಕೊಂಡು ಬಂದಳು.

ಆ ವಾರವೇ ತಂಗಿ ಡಿಪೋದಿಂದ ನೇರ ಅಂಗಡಿಗೆ ಬಂದಳು. ಅಕ್ಕ ಒಂದು ಸೂಟನ್ನು ಹ್ಯಾಂಗರಿಗೆ ಹಾಕುತ್ತಿದ್ದಳು.

"ಫೋನ್ ಬಂದಿತ್ತು," ಎಂದಳು ತಂಗಿ. "ಬಲಗಡೆ ಏನೋ ಸಣ್ಣದು ಕಾಣ್ತಿದೆಯಂತೆ. ಸೂಜಿ ಹಾಕಿ ಚೂರು ತೆಗೆದು ನೋಡ್ಬೇಕಂತೆ." ಆಮೇಲೆ ಕೇಳಿದಳು, "ಈಗಲಾದ್ರೂ ನಂಬಿದ್ಯಾ, ಒಳಗೆ ಹೋಗಿದ್ದೆ ಅಂತ?"

ಅಕ್ಕನ ಕೈಯಿಂದ ಸೂಟು ಜಾರಿತು. "ನೀನು ಸುಳ್ಳು ಹೇಳಿದ್ರೇ ಚೆನ್ನಾಗಿತ್ತಲ್ಲೇ," ಎಂದವಳೇ ಅಳತೊಡಗಿದಳು. ತಂಗಿಯೇ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ ಬೆನ್ನು ಸವರಬೇಕಾಯಿತು.

"ಹತ್ತು ನಿಮಿಷದಲ್ಲಿ ತೆಗೆದದ್ದು, ತಪ್ಪೂ ಇರಬಹುದು," ಎಂದಳು ತಂಗಿ. ಈಗ ಅನುಮಾನ ಅವಳ ಪಾಲಿಗೆ ಬಂದಿತ್ತು.

"ತಪ್ಪಾದ್ರೆ ತಪ್ಪು ಅಂತ ಗೊತ್ತಾಗಲಿ. ನಾನೂ ಬರ್ತೀನಿ."

ತಪ್ಪಾಗಿರಲಿಲ್ಲ. ಕ್ಯಾನ್ಸರೇ. ಆದರೆ ಕಡಲೆಕಾಳಿಗಿಂತ ಸಣ್ಣದು, ಎಲ್ಲಿಗೂ ಹಬ್ಬಿರಲಿಲ್ಲ. ಆಪರೇಷನ್ ಮಾಡಿ ತೆಗೆದರು. ಮುಂದಿನ ಚಿಕಿತ್ಸೆಯೂ ಮುಗಿಯಿತು. ಕೈಗೆ ಬಲ ಬಂದ ಮೇಲೆ ತಂಗಿ ಮತ್ತೆ ಸ್ಟಿಯರಿಂಗ್ ಹಿಡಿದಳು.

ಅಕ್ಕನ ಗುಣ ಮಾತ್ರ ಬದಲಾಗಲಿಲ್ಲ. ಡಾಕ್ಟರು "ಇನ್ನು ಚಿಂತೆ ಬೇಡ" ಎಂದಾಗ ಕುರ್ಚಿ ಬಿಟ್ಟೇಳದೆ, "ಬೇಡ ಅಂತ ಯಾವ ಆಧಾರದ ಮೇಲೆ ಹೇಳ್ತೀರಿ?" ಎಂದು ಕೇಳಿದಳು. ತಂಗಿ ಅವಳ ತೋಳು ಹಿಡಿದು ಎಳೆಯಲಿಲ್ಲ. ತಾನೂ ಪಕ್ಕದ ಕುರ್ಚಿಯಲ್ಲಿ ಕೂತು, "ಹೇಳಿ ಡಾಕ್ಟ್ರೇ, ನಾನೂ ಕೇಳಬೇಕು," ಎಂದಳು.