ಕೆಂಪು ನಟ್ಟುಗಳು

ಡ್ರೈವರಜ್ಜನ ಬಾಯಲ್ಲಿ ಉಳಿದದ್ದು ಒಂದೇ ಮಾತು: "ಆಯ್ತು." ಲಕ್ವ ಹೊಡೆದ ದಿನ ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೆ ಹೋದವು. ಬುದ್ಧಿ ಮಾತ್ರ ಕೂದಲೂ ಕೊಂಕದೆ ಉಳಿಯಿತು, ಅದೇ ದೊಡ್ಡ ಸಂಕಟ. ನೀರು ಬೇಕು ಅನ್ನಲು ಹೋದರೆ "ಆಯ್ತು", ಬೇಡ ಅನ್ನಲು ಹೋದರೂ "ಆಯ್ತು". ತಲೆಯಾಡಿಸಿ ಹೇಳೋಣವೆಂದರೆ ಕತ್ತೂ ಮಾತು ಕೇಳುತ್ತಿರಲಿಲ್ಲ. ಅಡ್ಡಡ್ಡ ಆಡಬೇಕಾದ ತಲೆ ಮೇಲೆ ಕೆಳಗೆ ಆಡಿಬಿಡುತ್ತಿತ್ತು. ನೋಡಿದವರು ಇಂಥ ಸಾಧು ಮುದುಕ ಬೀದಿಯಲ್ಲೇ ಇಲ್ಲ ಅನ್ನುತ್ತಿದ್ದರು. ಸೈನ್ಯದಲ್ಲಿ ಗಾಡಿ ಓಡಿಸುತ್ತಿದ್ದಾಗ ಇವನ ಗದರಿಕೆಗೆ ಮೇಲಧಿಕಾರಿಗಳೇ ದಾರಿ ಬಿಡುತ್ತಿದ್ದರು ಎಂಬುದು ಅವರಿಗೆಲ್ಲಿ ಗೊತ್ತು!

ಆ ಒಂದು ಮಾತಿನ ಮೇಲೆ ಇಡೀ ಮನೆ ನಡೆಯುತ್ತಿತ್ತು. "ಅಪ್ಪಾ, ಇನ್ಮೇಲೆ ಊಟಕ್ಕೆ ಉಪ್ಪು ಹಾಕೋದು ಬೇಡ ಅಲ್ವಾ?" ಎಂದು ಮಗಳು ಕೇಳಿದಳು. ಆಯ್ತು. "ಉಣಿಸುವಾಗ ಅನ್ನವೆಲ್ಲ ಮೀಸೆಗೆ ಅಂಟುತ್ತೆ, ತೆಗೆಸಿಬಿಡ್ಲಾ?" ಎಂದಳು. ಆಯ್ತು. ಹರೆಯದಿಂದ ತಿರುವಿ ತಿರುವಿ ಸಾಕಿದ ಮೀಸೆ ಕಸದ ಮೊರಕ್ಕೆ ಹೋಯಿತು. ಮಗಳು ಕೆಟ್ಟವಳೇನಲ್ಲ. ಹೊಲಿಗೆ ಅಂಗಡಿ ಮುಚ್ಚಿ ಓಡೋಡಿ ಬಂದು ಅಪ್ಪನ ಮೈ ಒರೆಸಿ, ಉಣಿಸಿ, ಮಲಗಿಸುವವಳು. ಅವನನ್ನು ಕೇಳದೆ ಒಂದು ಕಡ್ಡಿಯನ್ನೂ ಅತ್ತಿಂದಿತ್ತ ಇಟ್ಟವಳಲ್ಲ. ಕೇಳಿ ಕೇಳಿಯೇ ಅವನನ್ನು ಅರೆಜೀವ ಮಾಡಿದ್ದಳು.

ಹಿತ್ತಿಲಲ್ಲಿ ಒಂದು ಹಳೇ ಜೀಪು ನಿಂತಿತ್ತು. ಸೈನ್ಯದವರು ಹರಾಜು ಹಾಕಿದಾಗ ಅಜ್ಜ ಹಟ ಹಿಡಿದು ತಂದದ್ದು. ಹೆಂಡತಿ ತೀರಿಕೊಂಡ ಮೇಲೆ ಅದನ್ನು ಮುಟ್ಟುವ ಮನಸ್ಸಾಗದೆ ಬಿಟ್ಟುಬಿಟ್ಟ. ವರ್ಷಗಟ್ಟಲೆ ಮಳೆ ಬಿಸಿಲಿಗೆ ನಿಂತು ಸೀಟಿನಲ್ಲಿ ಹುಲ್ಲು ಬೆಳೆದಿತ್ತು, ಬಾನೆಟ್ಟಿನೊಳಗೆ ಪಕ್ಕದ ಮನೆಯ ಕೋಳಿ ಮೊಟ್ಟೆ ಇಡುತ್ತಿತ್ತು, ಸೈಲೆನ್ಸರಿನಲ್ಲಿ ಕಣಜ ಗೂಡು ಕಟ್ಟಿತ್ತು.

"ಮಾವ, ಇದನ್ನ ರಿಪೇರಿ ಮಾಡಿ ನಿಮ್ಮನ್ನ ಪಕ್ಕದಲ್ಲಿ ಕೂರಿಸ್ಕೊಂಡು ಊರೆಲ್ಲ ಸುತ್ತಿಸ್ತೀನಿ" ಎಂದು ಅಳಿಯ ಅಂದ ದಿನ ಅಜ್ಜನ ಬಾಯಿಂದ ಬಂದದ್ದು ನಿಜವಾದ ಆಯ್ತು. ಕಣ್ಣಲ್ಲಿ ನೀರೂ ಬಂತು.

ಅಳಿಯನದು ಫೋಟೋ ಸ್ಟುಡಿಯೋ. ಕೆಲಸಕ್ಕೆ ಕೈ ಹಾಕಿದರೆ ಬಿಡುವ ಆಸಾಮಿಯಲ್ಲ. ಪೆಟ್ರೋಲ್ ಟ್ಯಾಂಕಿನ ತುಕ್ಕು ತೊಳೆದ, ಹೊಸ ಬ್ಯಾಟರಿ ತಂದ, ಕಾರ್ಬುರೇಟರ್ ಬಿಚ್ಚಿ ಬ್ರಷ್ಷಿನಲ್ಲಿ ಉಜ್ಜಿದ. ಆದರೂ ಫೋಟೋದವನು ಫೋಟೋದವನೇ. ಎಂಜಿನ್ನಿಗೆ ಜೀವ ಬರುವ ಮೊದಲೇ ಬಣ್ಣದ ಡಬ್ಬ ತಂದಿಟ್ಟ.

"ಮಾವ, ಪೂರ್ತಿ ಹಸಿರು ಹೊಡೆದುಬಿಡ್ಲಾ? ಚಕ್ರಾನೂ ಸೇರಿಸಿ?"

ಆ ಜೀಪಿನ ಚಕ್ರ ಬೇರೆ ಗಾಡಿಗಳ ಚಕ್ರದಂತಲ್ಲ. ಅದರ ಉಕ್ಕಿನ ರಿಮ್ಮು ಎರಡು ಹೋಳು. ನಡುವಿನ ಐದು ನಟ್ಟುಗಳು ಚಕ್ರವನ್ನು ಗಾಡಿಗೆ ಹಿಡಿದಿಟ್ಟರೆ, ಹೊರಸುತ್ತಿನ ನಟ್ಟುಗಳು ಎರಡು ಹೋಳನ್ನು ಒಂದಕ್ಕೊಂದು ಹಿಡಿದಿಡುತ್ತವೆ. ಟಯರಿನಲ್ಲಿ ಗಾಳಿ ತುಂಬಿರುವಾಗ ಹೊರಸುತ್ತನ್ನು ಬಿಚ್ಚಿದರೆ ಮುಗಿಯಿತು, ಹೋಳು ಸಿಡಿದು ಹಾರುತ್ತದೆ. ಎದುರಿಗಿದ್ದವನ ಮುಖ ಉಳಿಯುವುದಿಲ್ಲ. ಅಜ್ಜ ತನ್ನ ಒಬ್ಬ ಜೊತೆಗಾರನನ್ನು ಹಾಗೆ ಕಳೆದುಕೊಂಡಿದ್ದ. ಅದಕ್ಕೇ ಸೈನ್ಯದ ಪದ್ಧತಿಯಂತೆ ಹೊರಸುತ್ತಿನ ಪ್ರತಿ ನಟ್ಟಿಗೂ ತನ್ನ ಕೈಯಾರೆ ಕೆಂಪು ಬಳಿದಿದ್ದ. ಕೆಂಪು ಕಂಡರೆ ಸ್ಪ್ಯಾನರ್ ಹಾಕಬಾರದು.

ಬೇಡ ಕಣೋ, ಚಕ್ರ ಮುಟ್ಟಬೇಡ ಎಂದು ಅಜ್ಜ ಜೀವವೆಲ್ಲ ಒಟ್ಟು ಮಾಡಿ ಕೂಗಿದ. "ಆಯ್ತು! ಆಯ್ತು! ಆಯ್ತು!"

"ನೋಡೇ, ಮಾವಂಗೆ ಎಷ್ಟು ಖುಷಿ!" ಎಂದ ಅಳಿಯ ಹೆಂಡತಿಗೆ. ಸಂಜೆಯೊಳಗೆ ಜೀಪು ಚಕ್ರಗಳ ಸಮೇತ ಗಿಣಿಹಸಿರಾಯಿತು.

ಭಾನುವಾರ ಬೆಳಿಗ್ಗೆ ಅಜ್ಜನ ಕುರ್ಚಿಯನ್ನು ಹಿತ್ತಿಲ ಕಡೆಯ ಕಿಟಕಿಗೆ ತಂದಿಟ್ಟು, ಎಡಗೈಗೆ ಹಾಲಿನ ಸ್ಟೀಲ್ ಲೋಟ ಕೊಟ್ಟು ಮಗಳು ಹೊರಗೆ ಹೋದಳು. ಅಳಿಯ ಸೀಟಿಗೆ ಹತ್ತಿ ಕೀಲಿ ತಿರುಗಿಸಿದ. ಜೀಪು ಕೆಮ್ಮಿತು, ಉಗುಳಿತು, ಕರೀ ಹೊಗೆ ಕಾರಿತು, ಕೊನೆಗೆ ಹೊತ್ತಿಕೊಂಡಿತು. ಅಜ್ಜನ ಮೈಯಲ್ಲಿ ರೋಮಾಂಚನವಾಯಿತು. ಆದರೆ ಗಾಡಿ ಮುಂದಕ್ಕೆ ಸರಿಯಲಿಲ್ಲ. ಅಳಿಯ ಗಾಳಿ ಹೊಡೆಸಿದ್ದ ನಾಲ್ಕು ಟಯರುಗಳಲ್ಲಿ ಗಾಳಿ ಹಿಡಿದು ಕಲ್ಲಿನಂತಾಗಿದ್ದದ್ದು ಒಂದೇ, ಕಿಟಕಿಯ ಕಡೆಯ ಮುಂದಿನದು. ಹಾಳಾದ್ದು ಅದರದ್ದೇ ಬ್ರೇಕು ಕಚ್ಚಿಕೊಂಡಿತ್ತು.

"ಎಂಜಿನ್ ಆಫ್ ಮಾಡ್ರೀ, ಚಕ್ರ ಬಿಚ್ಚಿ ನೋಡೋಣ" ಎಂದಳು ಮಗಳು.

"ಆಫ್ ಮಾಡಿದ್ರೆ ಮತ್ತೆ ಹತ್ತಲ್ಲ ಕಣೇ! ನಾನು ಎಕ್ಸಿಲೇಟರ್ ಮೇಲಿಂದ ಕಾಲು ತೆಗೆಯಲ್ಲ. ನೀನೇ ಬಿಚ್ಚು."

ಅವಳು ಹಿಂದಿನ ಚಕ್ರಗಳಿಗೆ ಇಟ್ಟಿಗೆ ಒತ್ತಿ, ಮುಂದಕ್ಕೆ ಜಾಕ್ ಏರಿಸಿ, ಚಕ್ರದ ಎದುರಿಗೇ ಕುಕ್ಕರಗಾಲಲ್ಲಿ ಕುಳಿತಳು. ನಡುವಿನ ನಟ್ಟುಗಳಿಗೆ ಸ್ಪ್ಯಾನರ್ ಹಾಕಿ ಜೋತುಬಿದ್ದಳು. ತುಕ್ಕು ಹಿಡಿದು ಕೂತಿದ್ದವು, ಜಪ್ಪಯ್ಯ ಎಂದರೂ ಅಲುಗಲಿಲ್ಲ. ಬೆವರು ಒರೆಸಿಕೊಂಡು ಹೊರಸುತ್ತಿನ ಒಂದಕ್ಕೆ ಹಾಕಿದಳು. ಸಲೀಸಾಗಿ ತಿರುಗಿತು. ಅಜ್ಜ ಆ ಕಾಲದಲ್ಲಿ ಗ್ರೀಸು ಹಚ್ಚಿ ಕೂರಿಸಿದ್ದ ನಟ್ಟು, ತಿರುಗದೆ ಇನ್ನೇನು? ಅವಳು ಅದನ್ನು ಮಡಿಲಿಗೆ ಹಾಕಿಕೊಂಡು ಇನ್ನೊಂದಕ್ಕೆ ಕೈ ಹಾಕಿದಳು.

"ಆಯ್ತು!" ಎಂದು ಅಜ್ಜ ಕಿರುಚಿದ.

ಎಂಜಿನ್ನಿನ ಅಬ್ಬರದಲ್ಲಿ ಅದು ಕಿಟಕಿಯನ್ನೂ ದಾಟಲಿಲ್ಲ. ಎರಡು ಹೋದವು, ಮೂರು ಹೋದವು. ಮಗಳು ಒಮ್ಮೆ ಇತ್ತ ತಿರುಗಿ ಅಪ್ಪನ ಬಾಯಾಡುವುದನ್ನು ಕಂಡಳು, ನಕ್ಕಳು, ಸ್ಪ್ಯಾನರ್ ಎತ್ತಿ ತೋರಿಸಿದಳು. "ಆಗ್ತಾ ಬಂತಪ್ಪಾ!" ಎಂದು ಮತ್ತೆ ಚಕ್ರಕ್ಕೆ ಮುಖ ಕೊಟ್ಟಳು. ಅಯ್ಯೋ, ಆ ಮುಖ! ಅವಳಮ್ಮನದ್ದೇ ಅಚ್ಚು. ಅಜ್ಜ ಏಳಲು ನೋಡಿದ. ಸೊಂಟ ಏಳಲಿಲ್ಲ. ರಿಮ್ಮಿನ ಎರಡು ಹೋಳಿನ ನಡುವೆ ಒಂದು ಕರೀ ಗೆರೆ ಬಿಟ್ಟುಕೊಂಡದ್ದು ಅವನಿಗೆ ಅಲ್ಲಿಂದಲೇ ಕಂಡಿತು, ಅಥವಾ ಕಂಡಿತೆಂದುಕೊಂಡ. ಅವಳು ಮತ್ತೊಂದು ನಟ್ಟನ್ನು ಮಡಿಲಿಗೆ ಹಾಕಿಕೊಂಡಳು.

ಮತ್ತೆ ಏಳಲು ಒದ್ದಾಡುವಾಗ ಹಾಲು ತೊಡೆಯ ಮೇಲೆ ಚೆಲ್ಲಿತು. ಲೋಟ ಕಿಟಕಿಯ ಸರಳಿಗೆ ತಗಲಿ ಠಣ್ ಎಂದಿತು.

ಆ ಸದ್ದು ಅಜ್ಜನ ಎಡಗೈಗೆ ಬುದ್ಧಿ ಹೇಳಿತು. ಸೈನ್ಯದ ವರ್ಕ್‌ಶಾಪಿನ ಗದ್ದಲದಲ್ಲಿ ಬಾಯಿಮಾತು ಕೇಳುವುದಿಲ್ಲ. ಅದಕ್ಕೇ ಅಲ್ಲಿ ಒಂದು ಪದ್ಧತಿಯಿತ್ತು: ಕಬ್ಬಿಣಕ್ಕೆ ಮೂರು ಪೆಟ್ಟು ಬಿದ್ದರೆ ಯಾರೇ ಇರಲಿ, ಏನೇ ಮಾಡುತ್ತಿರಲಿ, ಕೈ ಬಿಟ್ಟು ಹಿಂದೆ ಸರಿಯಬೇಕು. ಏಕೆ ಎಂದು ಆಮೇಲೆ ಕೇಳಬೇಕು. ಮಗಳು ಲಂಗ ಎತ್ತಿಕಟ್ಟಿಕೊಂಡು ಅವನ ಜೊತೆ ಇದೇ ಜೀಪಿನಡಿ ತೆವಳುತ್ತಿದ್ದ ಕಾಲದಲ್ಲಿ ಅವಳಿಗೂ ಈ ಪೆಟ್ಟಿನ ಪಾಠ, ಕೆಂಪು ನಟ್ಟಿನ ಪಾಠ ಎರಡನ್ನೂ ಕಲಿಸಿದ್ದ. ಅಳು ಬರುವ ತನಕ ಕಲಿಸಿದ್ದ. "ಸಣ್ಣ ಹುಡುಗಿಗೆ ಇದೆಂಥ ಶಿಕ್ಷೆ?" ಎಂದು ಹೆಂಡತಿ ಜಗಳ ತೆಗೆದಿದ್ದಳು.

ಅಜ್ಜ ಲೋಟವನ್ನು ಸರಳಿಗೆ ಬಡಿದ. ಠಣ್. ಠಣ್. ಠಣ್.

ಮಗಳ ಕೈಯಿಂದ ಸ್ಪ್ಯಾನರ್ ಬಿತ್ತು. ಅವಳು ಯೋಚಿಸಲಿಲ್ಲ. ಮಡಿಲ ನಟ್ಟುಗಳು ಚೆಲ್ಲಾಪಿಲ್ಲಿಯಾಗುವಂತೆ ಹಿಂದಕ್ಕೆ ಹಾರಿ ಗೋಡೆಗೆ ಬೆನ್ನು ಹಚ್ಚಿ ನಿಂತಳು. ಆಮೇಲಷ್ಟೇ ಅವಳಿಗೆ ತಾನೇಕೆ ಹಾಗೆ ಮಾಡಿದೆ ಎಂದು ಆಶ್ಚರ್ಯವಾದದ್ದು.

"ರೀ, ಆಫ್ ಮಾಡಿ!"

"ಮತ್ತೆ ಹತ್ತಲ್ಲ..."

"ಆಫ್ ಮಾಡ್ರೀ ಅಂದ್ರೆ!"

ಹಿತ್ತಿಲು ನಿಶ್ಶಬ್ದವಾಯಿತು. ಅವಳು ಅಪ್ಪನನ್ನು ನೋಡಿದಳು. ಅಪ್ಪ ಅವಳನ್ನು ನೋಡುತ್ತಿರಲಿಲ್ಲ, ಚಕ್ರವನ್ನೇ ನೋಡುತ್ತಿದ್ದ. ಅವಳು ಕಾಲ ಬಳಿ ಬಿದ್ದಿದ್ದ ಒಂದು ನಟ್ಟು ಎತ್ತಿಕೊಂಡಳು. ಸ್ಪ್ಯಾನರ್ ಕಚ್ಚಿದ ಕಡೆ ಹಸಿರು ಸುಲಿದಿತ್ತು. ಉಗುರಿನಿಂದ ಇನ್ನಷ್ಟು ಕೆರೆದಳು. ಅಡಿಯಲ್ಲಿ ಕೆಂಪು.

ಪಕ್ಕಕ್ಕೆ ಮುಖ ತಿರುಗಿಸಿ, ಕೈ ಮಾತ್ರ ಚಾಚಿ, ವಾಲ್ವಿನ ಪಿನ್ನು ಸಡಿಲಿಸಿದಳು. ಗಾಳಿ ಬುಸ್ಸೆಂದು ಹೊರಟಿತು. ಎಷ್ಟು ಹೊತ್ತಾದರೂ ಹೊರಡುತ್ತಲೇ ಇತ್ತು. ಅಳಿಯ ಜೀಪಿನಿಂದ ಇಳಿದವನು ನೆಲದ ಮೇಲೆ ಕುಳಿತುಬಿಟ್ಟ.

ಮಗಳು ಕಿಟಕಿಯ ಬಳಿ ಬಂದು ಸರಳು ಹಿಡಿದು ನಿಂತಳು.

"ಅಪ್ಪಾ, ಈ ಹಸಿರು ಬಣ್ಣ... ಅವತ್ತು ನೀನು ಬೇಡ ಅಂದಿದ್ದಾ?"

ಠಣ್. ಠಣ್. ಠಣ್.

ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ಕೇಳಲು ಹೆದರಿಕೊಂಡೇ ಕೇಳಿದಳು. "ಉಪ್ಪಿಲ್ಲದ ಊಟ?"

ಠಣ್. ಠಣ್. ಠಣ್.

"ಮೀಸೆ?"

ಈ ಸಲ ಬಿದ್ದ ಪೆಟ್ಟಿಗೆ ಲೋಟ ನಗ್ಗಿತು. ಮೂರಕ್ಕೆ ನಿಲ್ಲಲೂ ಇಲ್ಲ. ಮಗಳು ನಕ್ಕಳು, ನಗುತ್ತಲೇ ಬಿಕ್ಕಿ ಬಿಕ್ಕಿ ಅತ್ತಳು. ಸರಳಿನ ನಡುವೆ ಕೈ ತೂರಿಸಿ ಹಾಲಲ್ಲಿ ನೆಂದ ಆ ಎಡಗೈಯನ್ನು ಹಿಡಿದುಕೊಂಡಳು. ಇಷ್ಟು ದಿನ ಆ ಕೈಯನ್ನು ಒರೆಸಿದ್ದಳೇ ಹೊರತು ಹಿಡಿದುಕೊಂಡಿರಲಿಲ್ಲ.

"ಜೀಪನ್ನ ಓಡಿಸೋಣ್ವಾ ಅಪ್ಪಾ?" ಎಂದು ಕೇಳಿ, ಕೈ ಬಿಟ್ಟು, ಲೋಟವನ್ನೇ ನೋಡುತ್ತ ಕಾದಳು.

ಅಜ್ಜ ಲೋಟವನ್ನು ಸದ್ದಾಗದಂತೆ ಕಿಟಕಿಯ ಕಟ್ಟೆಯ ಮೇಲಿಟ್ಟ.

"ಆಯ್ತು" ಎಂದ.